ಉಬ್ಬಸವೂ ಉಪಶಮನವೂ

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗವನ್ನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ತಮಕಶ್ವಾಸವೇ ಜನರು ಉಬ್ಬಸವೆಂದೂ ದಮ್ಮೆಂದೂ ಗೂರಲೆಂದೂ ಕರೆಯುವ ರೋಗಕ್ಕೆ ಬಹುಮಟ್ಟಿಗೆ ಹೊಂದುವುದು. ಮೋಡ ಕವಿದಾಗಲೂ ಶೀತಗಾಳಿ ಬೀಸಿದಾಗಲೂ ಅದು ಹೆಚ್ಚುವುದೆಂದೂ, ರೋಗಿಯು ಮಲಗಿದರೆ ಸಂಕಟಪಟ್ಟು ಎದ್ದು ಕುಳಿತರೆ ತುಸು ಸುಖವನ್ನು ಹೊಂದುವನೆಂದೂ ಆ ಗ್ರಂಥವು ಹೇಳುವ ಲಕ್ಷಣಗಳನ್ನು, ಮನೆಯಲ್ಲಿ ಉಬ್ಬಸದವರನ್ನು ಕಂಡಿರುವ ಯಾರಾದರೂ ಒಡನೆಯೇ ಗುರುತಿಸಬಲ್ಲರು. ಆದರೆ ಲಕ್ಷಣಗಳಿಗಿಂತಲೂ ಗಮನಾರ್ಹವಾದುದು ರೋಗದ ಮುಂದಿನ ಗತಿಯನ್ನು ಕುರಿತು ಅಲ್ಲಿ ಕೊಟ್ಟಿರುವ ನಿರ್ಣಯವು. ಹೊಸದಾಗಿ ಹುಟ್ಟಿದ ತಮಕಶ್ವಾಸವು ಸಾಧ್ಯವಾಗಬಹುದು, ಉಳಿದುದು ಯಾಪ್ಯ. ಯಾಪ್ಯವೆಂದರೆ ಬೇರುಸಹಿತ ಕಿತ್ತುಹಾಕಲಾಗದಿದ್ದರೂ, ಚಿಕಿತ್ಸೆಯು ನಡೆಯುತ್ತಿರುವಷ್ಟು ಕಾಲ ಅಡಗಿದ್ದು, ಚಿಕಿತ್ಸೆಯು ನಿಂತರೆ ಮತ್ತೆ ತಲೆಯೆತ್ತುವ ವ್ಯಾಧಿ.

ಈ ಒಂದು ಮಾತಿನಲ್ಲಿ ಎರಡು ಬೇರೆಬೇರೆ ಕಾರ್ಯಗಳು ಅಡಗಿವೆ. ಉಸಿರು ಕಟ್ಟಿದ ರಾತ್ರಿಯಲ್ಲಿ ಆ ಕ್ಷಣದ ಸಂಕಟವನ್ನು ಪರಿಹರಿಸುವುದು ಒಂದು; ಸಂಕಟವೇ ಇಲ್ಲದ ದಿನಗಳಲ್ಲಿಯೂ ರೋಗವನ್ನು ಹಿಡಿತದಲ್ಲಿಡುವುದು ಇನ್ನೊಂದು. ಪಾಶ್ಚಾತ್ಯ ವೈದ್ಯಶಾಸ್ತ್ರವು ಕಳೆದ ಎರಡು ಶತಮಾನಗಳಲ್ಲಿ ಮೊದಲನೆಯ ಕಾರ್ಯದಲ್ಲಿ ಬಲುಬೇಗ ನಿಪುಣವಾಯಿತು. ಎರಡನೆಯದರ ಬೆಲೆಯನ್ನು ಅರಿಯಲು ಬಹುಕಾಲವನ್ನು ತೆಗೆದುಕೊಂಡಿತು. ಆ ವಿಳಂಬದ ನಡುವೆ ಅನೇಕ ಎಳೆಯ ಜೀವಗಳು ನಷ್ಟವಾದುವು. ಆ ಸಾವುಗಳನ್ನು ಎಣಿಸಿ, ಅವುಗಳ ಕಾರಣವನ್ನು ಹುಡುಕಿ, ಚಿಕಿತ್ಸೆಯ ದಾರಿಯನ್ನೇ ತಿದ್ದಿದ ಸಂಶೋಧಕರ ಚರಿತ್ರೆಯು ತಿಳಿದಿರಬೇಕಾದುದಾಗಿದೆ.

ಈ ಚರಿತ್ರೆಯ ಮೊದಲ ಪುಟಗಳಲ್ಲಿ ದಕ್ಷಿಣ ಹಿಂದೂಸ್ಥಾನದ ಒಂದು ಗಿಡವು ಕಾಣಿಸಿಕೊಳ್ಳುತ್ತದೆ. ದತ್ತೂರಿ ಅಥವಾ ಉಮ್ಮತ್ತಿಯ ಬೇರನ್ನೂ ಎಲೆಯನ್ನೂ ಒಣಗಿಸಿ, ಕೊಳವಿಯಲ್ಲಿಟ್ಟು ಹೊಗೆಯನ್ನು ಸೇದುವ ಪದ್ಧತಿಯು ಇಲ್ಲಿಯ ಜನರಲ್ಲಿ ಇದ್ದಿತು. 1802ನೆಯ ಇಸವಿಯ ಸುಮಾರಿಗೆ ಮದರಾಸಿನಲ್ಲಿದ್ದ ಜನರಲ್ ಜೆಂಟ್ ಎಂಬ ಆಂಗ್ಲ ಸೇನಾಧಿಕಾರಿಯಿಂದ ಈ ಪದ್ಧತಿಯು ಬ್ರಿಟನ್ನಿನ ವೈದ್ಯರಿಗೆ ತಿಳಿದುಬಂದಿತು. ಅಲ್ಲಿಂದ ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಯೂರೋಪಿನ ಔಷಧದ ಅಂಗಡಿಗಳಲ್ಲಿ ದತ್ತೂರಿಯ ಜಾತಿಯ ಎಲೆಗಳನ್ನು ತುಂಬಿದ ಉಬ್ಬಸದ ಸಿಗರೇಟುಗಳು ಮಾರಾಟವಾದುವು. ಈ ಗಿಡದಲ್ಲಿರುವ ಅಟ್ರೋಪೀನ್ ಮೊದಲಾದ ಸತ್ವಗಳು ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಗೊಳಿಸುವುವು. ಆದಕಾರಣ ಉಸಿರಾಟವು ಸ್ವಲ್ಪ ಹೊತ್ತು ಸರಾಗವಾಗುವುದು. ಪ್ರಮಾಣವು ಮೀರಿದರೆ ಬುದ್ಧಿಭ್ರಮಣೆಯೂ ಮರಣವೂ ಉಂಟಾಗುವುದೆಂಬುದು ದತ್ತೂರಿಯನ್ನು ಬಲ್ಲ ಈ ನಾಡಿನವರಿಗೆ ಹೊಸದಲ್ಲ.

ಹತ್ತೊಂಬತ್ತನೆಯ ಶತಮಾನದ ವೈದ್ಯರು ಉಬ್ಬಸವನ್ನು ಮುಖ್ಯವಾಗಿ ನರಗಳಿಗೆ ಸಂಬಂಧಿಸಿದ ಸೆಳೆತವೆಂದು ಭಾವಿಸಿದ್ದರು. ಲಂಡನ್ನಿನ ಡಾಕ್ಟರ್ ಹೆನ್ರಿ ಹೈಡ್ ಸಾಲ್ಟರನು 1860ರಲ್ಲಿ ಪ್ರಕಟಿಸಿದ ಗ್ರಂಥವು ಈ ಮತವನ್ನು ಬಲಪಡಿಸಿತು. ಆತನು ಸ್ವತಃ ಉಬ್ಬಸದ ರೋಗಿ; ಗಟ್ಟಿಯಾದ ಕಾಫಿಯ ಕಷಾಯವು ಉತ್ತಮ ಮದ್ದೆಂದು ಆತನು ಸಲಹೆಯಿತ್ತನು. ಕಾಫಿಯಲ್ಲಿರುವ ಕೆಫೀನಿಗೆ ಶ್ವಾಸನಾಳವನ್ನು ಸ್ವಲ್ಪಮಟ್ಟಿಗೆ ಹಿಗ್ಗಿಸುವ ಗುಣವುಂಟೆಂದು ಮುಂದೆ ಸಿದ್ಧವಾದುದರಿಂದ, ಆ ಸಲಹೆಯು ನಿರಾಧಾರವಾಗಿರಲಿಲ್ಲ. ಉಬ್ಬಸವು ಎಷ್ಟೇ ಹಿಂಸೆ ಕೊಟ್ಟರೂ ಪ್ರಾಣವನ್ನು ತೆಗೆಯುವುದಿಲ್ಲವೆಂಬ ನಂಬಿಕೆಯೂ ಆ ಕಾಲದ ವೈದ್ಯರಲ್ಲಿ ಬೇರೂರಿದ್ದಿತು. 1892ರಲ್ಲಿ ಹೊರಬಂದು ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯವಾದ ವಿಲಿಯಂ ಆಸ್ಲರನ ವೈದ್ಯಗ್ರಂಥದಲ್ಲಿಯೂ ಇದೇ ಅಭಿಪ್ರಾಯವಿದೆ.

ಇದೇ ಕಾಲದಲ್ಲಿ ಸೂಕ್ಷ್ಮದರ್ಶಕವು ಬೇರೊಂದು ಸಂಗತಿಯನ್ನು ಸೂಚಿಸುತ್ತಿದ್ದಿತು. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ಕನು ರಕ್ತದಲ್ಲಿ ಇಯೊಸಿನ್ ಎಂಬ ಕೆಂಬಣ್ಣವನ್ನು ಹೀರಿಕೊಳ್ಳುವ ಒಂದು ಬಗೆಯ ಕಣವನ್ನು ಗುರುತಿಸಿದನು. ಇಯೊಸಿನೊಫಿಲ್ ಎಂಬ ಹೆಸರನ್ನು ಪಡೆದ ಈ ಕಣಗಳು ಉಬ್ಬಸದವರ ಕಫದಲ್ಲಿ ರಾಶಿರಾಶಿಯಾಗಿ ದೊರೆಯುವುವೆಂದು ತರುವಾಯ ತಿಳಿದುಬಂದಿತು. ಉಬ್ಬಸವು ಬರಿಯ ಸೆಳೆತವಲ್ಲ, ಶ್ವಾಸನಾಳದ ಒಳಪೊರೆಯು ಊದಿ ಕೆಂಪೇರುವ ಉರಿಯೂತವೂ ಅದರಲ್ಲಿ ಸೇರಿದೆ ಎಂಬುದಕ್ಕೆ ಇದೊಂದು ಸಾಕ್ಷ್ಯ. ಆದರೆ ಆ ಸಾಕ್ಷ್ಯವು ಪುಸ್ತಕಗಳಲ್ಲಿಯೇ ಉಳಿಯಿತು. ಸೆಳೆತವನ್ನು ಬಿಡಿಸುವ ಮದ್ದನ್ನು ಕೊಟ್ಟೊಡನೆ ರೋಗಿಯು ಕಣ್ಣೆದುರಿಗೇ ಚೇತರಿಸಿಕೊಳ್ಳುತ್ತಿದ್ದುದರಿಂದ, ಉರಿಯೂತದ ವಿಚಾರವನ್ನು ಕೇಳುವವರು ವಿರಳವಾದರು.

ಇಪ್ಪತ್ತನೆಯ ಶತಮಾನವು ಅಂತಹ ಮದ್ದುಗಳನ್ನು ಒಂದಾದಮೇಲೊಂದರಂತೆ ತಂದಿತು. 1903ರಲ್ಲಿ ಅಮೆರಿಕದ ಬುಲೋವ ಮತ್ತು ಕಪ್ಲಾನ್ ಎಂಬ ವೈದ್ಯರು ಅಡ್ರಿನಲೀನನ್ನು ಚರ್ಮದ ಕೆಳಗೆ ಚುಚ್ಚಿ ಉಬ್ಬಸದ ಆಘಾತವನ್ನು ಇಳಿಸಿದರು. 1924ರಲ್ಲಿ ಪೀಕಿಂಗಿನಲ್ಲಿದ್ದ ಚೆನ್ ಮತ್ತು ಶ್ಮಿಟ್ ಎಂಬವರು, ಚೀನದ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಮಾಹ್ವಾಂಗ್ ಎಂಬ ಗಿಡದ ಸತ್ವವಾದ ಎಫಿಡ್ರೀನಿನ ಗುಣಗಳನ್ನು ಪ್ರಕಟಿಸಿದರು. 1940ರ ಸುಮಾರಿಗೆ ಐಸೊಪ್ರಿನಲೀನ್ ಎಂಬ ಕೃತಕ ಔಷಧವು ಸಿದ್ಧವಾಯಿತು. ಇವೆಲ್ಲವೂ ಸ್ನಾಯುವನ್ನು ಸಡಿಲಿಸುವ ಮದ್ದುಗಳೇ ಹೊರತು ಉರಿಯೂತವನ್ನು ಆರಿಸುವಂತಹವಲ್ಲ.

1955ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಮೇಸನ್ ಎಂಬ ಔಷಧತಜ್ಞನ ಎಳೆಯ ಮಗಳಿಗೆ ಉಬ್ಬಸವಿದ್ದಿತು. ಗಾಜಿನ ಸೀಸೆಗೆ ರಬ್ಬರಿನ ಬುರುಡೆಯನ್ನು ಕಟ್ಟಿ ಒತ್ತುವ ಆಗಿನ ತುಂತುರುಯಂತ್ರದಿಂದ ಆಕೆಯು ಬೇಸತ್ತಿದ್ದಳು. ಕೂದಲಿಗೆ ಚಿಮುಕಿಸಿಕೊಳ್ಳುವ ದ್ರವವು ಡಬ್ಬಿಯಿಂದ ಒತ್ತಿದೊಡನೆ ಬರುವಂತೆ ತನ್ನ ಮದ್ದೂ ಏಕೆ ಬರಬಾರದೆಂದು ಅವಳು ತಂದೆಯನ್ನು ಕೇಳಿದಳು. ಆ ಪ್ರಶ್ನೆಯ ಫಲವಾಗಿ, ಒಂದು ಸಲ ಒತ್ತಿದರೆ ಅಳತೆಯ ಒಂದೇ ಪ್ರಮಾಣವು ಹೊರಬೀಳುವ ಇನ್‌ಹೇಲರು 1956ರಲ್ಲಿ ಮಾರಾಟಕ್ಕೆ ಬಂದಿತು. ಅಂಗೈಯೊಳಗೆ ಅಡಗುವ ಆ ಪುಟ್ಟ ಉಪಕರಣವು ರೋಗಿಗಳಿಗೆ ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಉಸಿರು ಕಟ್ಟಿದಾಗ ವೈದ್ಯನಿಗಾಗಿ ಕಾಯಬೇಕಾಗಿಲ್ಲ, ಸೂಜಿಯಿಲ್ಲ. ಕೆಲವು ನಿಮಿಷಗಳಲ್ಲಿಯೇ ಎದೆಯು ಹಗುರವಾಗುವುದು. 1960ರ ತರುವಾಯ ಬ್ರಿಟನ್ನಿನಲ್ಲಿ ಇದು ವೈದ್ಯನ ಚೀಟಿಯಿಲ್ಲದೆಯೇ ಅಂಗಡಿಗಳಲ್ಲಿ ದೊರೆಯುತ್ತಿದ್ದಿತು.

ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳ ಮರಣಗಳ ಲೆಕ್ಕದಲ್ಲಿ ಒಂದು ವಿಪರೀತವು ಕಂಡುಬಂದಿತು. ಸುಮಾರು ನೂರು ವರ್ಷಗಳಿಂದ ಹೆಚ್ಚು ಏರಿಳಿತವಿಲ್ಲದೆ ಇದ್ದ ಉಬ್ಬಸದ ಮರಣಗಳು ಎಳೆಯರಲ್ಲಿ ಏರತೊಡಗಿದ್ದುವು. 1968ರಲ್ಲಿ ಫ್ರಾಂಕ್ ಸ್ಪೈಜರ್, ರಿಚರ್ಡ್ ಡಾಲ್ ಮತ್ತು ಹೀಫ್ ಎಂಬವರು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಂತೆ, 10ರಿಂದ 14 ವರ್ಷಗಳ ಮಕ್ಕಳಲ್ಲಿ ಏಳು ವರ್ಷಗಳೊಳಗೆ ಈ ಮರಣಪ್ರಮಾಣವು ಎಂಟು ಪಟ್ಟಿನ ಹತ್ತಿರಕ್ಕೆ ಏರಿದ್ದಿತು. 1966ರಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಸಂಭವಿಸಿದ ಎಲ್ಲ ಮರಣಗಳಲ್ಲಿ ನೂರಕ್ಕೆ 7ರಷ್ಟು ಉಬ್ಬಸದಿಂದಲೇ ಆಗಿದ್ದುವು. ಪ್ರಾಣವನ್ನು ತೆಗೆಯದ ರೋಗವೆಂದು ಪಠ್ಯಗಳು ಹೇಳಿದ್ದ ವ್ಯಾಧಿಯು ಶಾಲೆಗೆ ಹೋಗುವ ಮಕ್ಕಳನ್ನು ಒಯ್ಯುತ್ತಿದ್ದಿತು.

ರಿಚರ್ಡ್ ಡಾಲನು ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ಲನೊಡನೆ ತೋರಿಸಿಕೊಟ್ಟ ವಿದ್ವಾಂಸ. ಪ್ರಯೋಗಶಾಲೆಯ ಗಾಜಿನ ನಳಿಗೆಗಳಿಗಿಂತ ಎಣಿಕೆಯ ಪಟ್ಟಿಗಳನ್ನೇ ಆತನು ನಂಬಿ ನಡೆದವನು. ಆತನೂ ಜತೆಗಾರರೂ ಮೊದಲು ತಪ್ಪಾದ ದಾರಿಗಳನ್ನು ಮುಚ್ಚಿದರು. ವೈದ್ಯರು ರೋಗವನ್ನು ಹೆಸರಿಸುವ ರೀತಿಯು ಬದಲಾಯಿತೆ? ಇಲ್ಲ, ಬೇರೆ ಶ್ವಾಸರೋಗಗಳ ಮರಣಗಳು ಅದಕ್ಕೆ ಸರಿಯಾಗಿ ಇಳಿದಿರಲಿಲ್ಲ. ರೋಗವೇ ಹೆಚ್ಚು ಜನರಿಗೆ ಹರಡಿತೆ? ಅದಕ್ಕೂ ತಕ್ಕ ಆಧಾರವಿರಲಿಲ್ಲ. ಉಳಿದುದು ಚಿಕಿತ್ಸೆಯೊಂದೇ. ಆಮೇಲೆ ಅವರು ಉಬ್ಬಸದಿಂದ ತೀರಿಕೊಂಡ ಎಳೆಯರ ವೈದ್ಯರನ್ನು ವಿಚಾರಿಸಿ, ಕೊನೆಯ ದಿನಗಳಲ್ಲಿ ಯಾವ ಯಾವ ಮದ್ದುಗಳು ಬಳಕೆಯಾಗಿದ್ದುವೆಂಬುದನ್ನು ಸಂಗ್ರಹಿಸಿದರು. ಸತ್ತವರಲ್ಲಿ ಬಹುಪಾಲು ಜನರು ಇನ್‌ಹೇಲರನ್ನು ಬಳಸಿದವರಾಗಿದ್ದರು. ಬಹುಪಾಲು ಮರಣಗಳು ವೈದ್ಯರೇ ನಿರೀಕ್ಷಿಸದಷ್ಟು ಹಠಾತ್ತಾಗಿ ಒದಗಿದ್ದುವು.

1967ರ ಜೂನ್ ತಿಂಗಳಲ್ಲಿಯೇ ಬ್ರಿಟನ್ನಿನ ಔಷಧಸುರಕ್ಷತಾ ಸಮಿತಿಯು ಎಲ್ಲ ವೈದ್ಯರಿಗೂ ಎಚ್ಚರಿಕೆಯನ್ನು ಕಳುಹಿಸಿದ್ದಿತು. 1968ರ ಕೊನೆಗೆ ಇನ್‌ಹೇಲರನ್ನು ವೈದ್ಯನ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವಾಯಿತು. ಮಾರಾಟವು ಇಳಿಯಿತು, ಅದರ ಜತೆಯಲ್ಲಿಯೇ ಮರಣಗಳೂ ಇಳಿದುವು. ಈ ಏರಿಕೆಯೂ ಇಳಿಕೆಯೂ ಒಂದರ ಹಿಂದೊಂದು ನಡೆದುದನ್ನು ಇನ್‌ಮನ್ ಮತ್ತು ಅಡೆಲ್‌ಸ್ಟೀನ್ ಎಂಬವರು 1969ರಲ್ಲಿ ತೋರಿಸಿದರು. 1972ರಲ್ಲಿ ಅಮೆರಿಕದ ಪಾಲ್ ಸ್ಟಾಲಿ ಎಂಬಾತನು ಇನ್ನೊಂದು ಹೆಜ್ಜೆ ಮುಂದುವರಿದು, ಸಾವುಗಳ ಏರಿಕೆಯು ಕಂಡುಬಂದ ದೇಶಗಳಲ್ಲಿ ಐಸೊಪ್ರಿನಲೀನಿನ ಐದು ಪಟ್ಟು ತೀವ್ರವಾದ ಒಂದು ರೂಪವು ಮಾರಾಟದಲ್ಲಿದ್ದಿತೆಂದೂ, ಅದು ಮಾರಾಟವಾಗದ ಅಮೆರಿಕದಂತಹ ದೇಶಗಳಲ್ಲಿ ಏರಿಕೆಯು ಕಾಣಲಿಲ್ಲವೆಂದೂ ತಿಳಿಸಿದನು.

ಮದ್ದು ಹೇಗೆ ಕೊಂದಿತೆಂಬುದರಲ್ಲಿ ಮಾತ್ರ ಒಮ್ಮತವುಂಟಾಗಲಿಲ್ಲ. ಆಮ್ಲಜನಕವು ಕುಗ್ಗಿರುವ ಸಮಯದಲ್ಲಿ ಈ ಜಾತಿಯ ಔಷಧವು ಹೃದಯವನ್ನು ಅತಿಯಾಗಿ ಕೆರಳಿಸಿ ಅದರ ಲಯವನ್ನು ಕೆಡಿಸುವುದೆಂದು ಕೆಲವರ ಮತ. ಔಷಧವು ತಾನಾಗಿ ಕೊಲ್ಲಬೇಕಾಗಿಲ್ಲ, ಅದು ಕೊಡುವ ಸುಖವೇ ಸಾಕೆಂದು ಇತರರ ಮತ. ಉಪಶಮನವಾದೊಡನೆ ರೋಗಿಯು ಧೈರ್ಯಗೊಳ್ಳುವನು. ಅತ್ತ ಶ್ವಾಸನಾಳದ ಉರಿಯೂತವು ಬೆಳೆಯುತ್ತಲೇ ಇರುವುದು, ಅಂಟುಕಫವು ನಾಳಗಳನ್ನು ಮುಚ್ಚುತ್ತಲೇ ಇರುವುದು. ಕೊನೆಗೆ ಮದ್ದು ಫಲಿಸದ ಒಂದು ರಾತ್ರಿಯಲ್ಲಿ ವೈದ್ಯನನ್ನು ಕರೆಯುವ ಹೊತ್ತಿಗೆ ಕಾಲವು ಮೀರಿರುವುದು. ಎರಡು ಮತಗಳಲ್ಲಿ ಯಾವುದನ್ನು ಒಪ್ಪಿದರೂ, ಉಪಶಮನವನ್ನೇ ಚಿಕಿತ್ಸೆಯೆಂದು ತಿಳಿದುದು ಅಪಾಯಕಾರಿಯಾಯಿತೆಂಬುದರಲ್ಲಿ ಭೇದವಿಲ್ಲ.

ಎರಡನೆಯ ಕಾರ್ಯಕ್ಕೆ, ಎಂದರೆ ಉರಿಯೂತವನ್ನು ಆರಿಸುವುದಕ್ಕೆ ತಕ್ಕ ಮದ್ದು ಆ ವೇಳೆಗಾಗಲೇ ವೈದ್ಯರ ಕೈಯಲ್ಲಿದ್ದಿತು. ಕಾರ್ಟಿಸೋನ್ ಎಂಬ ಸ್ಟಿರಾಯ್ಡು ಔಷಧವನ್ನು ಬ್ರಿಟನ್ನಿನ ವೈದ್ಯಸಂಶೋಧನಾ ಮಂಡಲಿಯು ಉಬ್ಬಸದಲ್ಲಿ ಕ್ರಮವಾಗಿ ಪರೀಕ್ಷಿಸಿ 1956ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಅತ್ಯಂತ ತೀವ್ರವಾದ ಆಘಾತದಲ್ಲಿ ಅದರಿಂದ ಗುಣ ಕಂಡಿತು. ದೀರ್ಘಕಾಲದ ಉಬ್ಬಸದಲ್ಲಿ ವಿಶೇಷ ಪ್ರಯೋಜನವು ಕಾಣಲಿಲ್ಲ. ಹಲವರು ಇದರಿಂದ ನಿರುತ್ಸಾಹಗೊಂಡರು. ಡರ್ಬಿ ಪಟ್ಟಣದಲ್ಲಿ ಎದೆರೋಗಗಳ ಚಿಕಿತ್ಸೆಯಲ್ಲಿ ನಿರತನಾಗಿದ್ದ ಹ್ಯಾರಿ ಮಾರೊ ಬ್ರೌನ್ ಎಂಬ ವೈದ್ಯನು ಮಾತ್ರ ಹಳೆಯ ಸೂಕ್ಷ್ಮದರ್ಶಕವನ್ನು ತೆಗೆದುಕೊಂಡು ತನ್ನ ರೋಗಿಗಳ ಕಫವನ್ನು ತಾನೇ ಪರೀಕ್ಷಿಸತೊಡಗಿದನು. ಕಫದಲ್ಲಿ ಎರ್ಲಿಕ್ಕನ ಕೆಂಪುಕಣಗಳು ತುಂಬಿದ್ದವರಿಗೆ ಸ್ಟಿರಾಯ್ಡಿನಿಂದ ಉತ್ತಮವಾದ ಗುಣವುಂಟಾಗುವುದೆಂದೂ, ಅವುಗಳಿಲ್ಲದವರಿಗೆ ಹಾಗಾಗುವುದಿಲ್ಲವೆಂದೂ 1958ರಲ್ಲಿ ಆತನು ಪ್ರಕಟಿಸಿದನು. ಉಬ್ಬಸವೆಂಬ ಒಂದೇ ಹೆಸರಿನ ಕೆಳಗೆ ಧೂಮಪಾನವೇ ಮೊದಲಾದುವುಗಳಿಂದ ಬರುವ ಬೇರೆ ಶ್ವಾಸನಾಳದ ರೋಗಗಳೂ ಸೇರಿಕೊಂಡಿರುವಾಗ, ಎಲ್ಲರ ಸರಾಸರಿಯನ್ನು ತೆಗೆದರೆ ಒಳ್ಳೆಯ ಮದ್ದೂ ನಿಷ್ಪ್ರಯೋಜಕವಾಗಿ ತೋರುವುದು ಸಹಜ.

ಆದರೂ ಮಾತ್ರೆಯ ರೂಪದ ಸ್ಟಿರಾಯ್ಡನ್ನು ವರ್ಷಗಟ್ಟಲೆ ನುಂಗಿದರೆ ಮುಖವು ಊದುವುದು, ಎಲುಬುಗಳು ಟೊಳ್ಳಾಗುವುವು, ಮಕ್ಕಳ ಬೆಳವಣಿಗೆಯು ಕುಂಠಿತವಾಗುವುದು. ಈ ತೊಡಕನ್ನು ಬಿಡಿಸಿದವನೂ ಬ್ರೌನನೇ. ಬೆಕ್ಲೊಮೆಥಸೋನ್ ಎಂಬ ಸ್ಟಿರಾಯ್ಡನ್ನು ಇನ್‌ಹೇಲರಿನ ಮೂಲಕ ಅತ್ಯಲ್ಪ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೇ ಕಳುಹಿಸಿದರೆ ರೋಗವು ಹತೋಟಿಗೆ ಬರುವುದೆಂದೂ, ದೇಹದ ಉಳಿದ ಭಾಗಗಳಿಗೆ ತೊಂದರೆಯು ಬಹಳ ಕಡಮೆಯೆಂದೂ ಆತನೂ ಸಹಾಯಕರೂ 1972ರಲ್ಲಿ ತೋರಿಸಿದರು. ಆದರೆ ಈ ಮದ್ದನ್ನು ಸೇದಿದೊಡನೆ ಯಾವ ಸುಖವೂ ತೋರುವುದಿಲ್ಲ. ದಿನದಿನವೂ ತಪ್ಪದೆ ಸೇದಿದರೆ ಕೆಲವು ದಿನಗಳು ಅಥವಾ ವಾರಗಳಾದ ಮೇಲೆ ಅದರ ಫಲವು ತಿಳಿಯುವುದು. ಚಿಕಿತ್ಸೆಯು ಇರುವವರೆಗೆ ರೋಗವು ಅಡಗಿರುವುದು. ಇದೇ ಯಾಪ್ಯದ ಮದ್ದು.

ಒಮ್ಮೆ ಕಲಿತ ಪಾಠವು ಮರೆತುಹೋಗುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. 1976ರಲ್ಲಿ ಫೆನೊಟೆರಾಲ್ ಎಂಬ ಹೊಸ ಉಪಶಮನದ ಮದ್ದು ನ್ಯೂಜಿಲೆಂಡಿಗೆ ಬಂದಿತು. ಅದೇ ವರ್ಷದಿಂದ ಮೂವತ್ತು ಲಕ್ಷ ಜನರಿರುವ ಆ ಚಿಕ್ಕ ದೇಶದಲ್ಲಿ ಎಳೆಯರ ಉಬ್ಬಸದ ಮರಣಗಳು ಏರತೊಡಗಿದುವು. ಇದಕ್ಕೆ ಕಾರಣವೇನೆಂದು ಹತ್ತು ವರ್ಷಗಳಿಗೂ ಮೇಲ್ಪಟ್ಟು ಚರ್ಚೆಯು ನಡೆಯಿತು. ವೆಲಿಂಗ್ಟನ್ನಿನ ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮೊದಲಾದ ತರುಣ ಸಂಶೋಧಕರು 1981ರಿಂದ 1983ರವರೆಗೆ ಉಬ್ಬಸದಿಂದ ಸತ್ತ 117 ಜನರ ದಾಖಲೆಗಳನ್ನು, ಅದೇ ರೋಗವಿದ್ದು ಬದುಕಿದ್ದವರ ದಾಖಲೆಗಳೊಡನೆ ಹೋಲಿಸಿದರು. ಸತ್ತವರಲ್ಲಿ ಫೆನೊಟೆರಾಲನ್ನು ಪಡೆದವರ ಪ್ರಮಾಣವು ಹೆಚ್ಚಾಗಿದ್ದಿತು. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇದಕ್ಕೆ ಬಂದ ಆಕ್ಷೇಪಣೆಯು ಸುಲಭವಾಗಿ ತಳ್ಳಿಹಾಕುವಂತಹದಾಗಿರಲಿಲ್ಲ. ರೋಗವು ತೀವ್ರವಾಗಿರುವವರಿಗೇ ವೈದ್ಯರು ಬಲವಾದ ಮದ್ದನ್ನು ಕೊಡುವರು. ಅಂತಹವರೇ ಹೆಚ್ಚಾಗಿ ಸಾಯುವರು. ಹೀಗಿರುವಾಗ ಮದ್ದಿನ ಮೇಲೆ ದೋಷವನ್ನು ಹೊರಿಸುವುದು ನ್ಯಾಯವೆ? ಎಂದು ಅನೇಕರು ಕೇಳಿದರು. ಸಂಶೋಧಕರು ರೋಗವು ತೀವ್ರವಾಗಿದ್ದವರನ್ನೇ ಪ್ರತ್ಯೇಕಿಸಿ, ಅವರೊಳಗೇ ಹೋಲಿಸಿದರು. ಆಕ್ಷೇಪಣೆಯು ನಿಜವಾಗಿದ್ದರೆ ಅಲ್ಲಿ ವ್ಯತ್ಯಾಸವು ಅಡಗಬೇಕಾಗಿದ್ದಿತು. ಅದು ಅಡಗುವ ಬದಲು ಹೆಚ್ಚಿತು. ಸರ್ಕಾರವು ಆ ಔಷಧವನ್ನು ನಿರ್ಬಂಧಿಸಿತು. ಕೆಲವೇ ಕಾಲದಲ್ಲಿ ಮರಣಗಳು ಸುಮಾರು ಅರ್ಧಕ್ಕೆ ಇಳಿದುವು.

ಉಪಶಮನದ ಮದ್ದಿನ ಅಪಾಯವು ಹೀಗೆ ಎರಡು ಸಲ ಸ್ಪಷ್ಟವಾದ ಮೇಲೆ, ಯಾಪ್ಯದ ಮದ್ದು ಪ್ರಾಣವನ್ನು ಉಳಿಸುವುದೆ ಎಂಬ ಪ್ರಶ್ನೆಯು ಉಳಿದಿದ್ದಿತು. ಕೆನಡದ ಸಮೀ ಸುಯಿಸ್ಸಾ ಮತ್ತು ಅವನ ಸಹೋದ್ಯೋಗಿಗಳು ಸಸ್ಕಾಚುವನ್ ಪ್ರಾಂತದ 30,000ಕ್ಕೂ ಹೆಚ್ಚು ರೋಗಿಗಳ ಔಷಧದ ಲೆಕ್ಕಗಳನ್ನು ಪರಿಶೀಲಿಸಿ 2000ನೆಯ ಇಸವಿಯಲ್ಲಿ ಉತ್ತರವಿತ್ತರು. ಹಿಂದಿನ ವರ್ಷದಲ್ಲಿ ಸೇದಿದ ಸ್ಟಿರಾಯ್ಡಿನ ಒಂದೊಂದು ಡಬ್ಬಿ ಹೆಚ್ಚಿದಂತೆಯೂ ಮರಣದ ಪ್ರಮಾಣವು ನೂರಕ್ಕೆ 21ರಷ್ಟು ಇಳಿಯುತ್ತ ಹೋಗಿದ್ದಿತು. 2014ರಲ್ಲಿ ಬ್ರಿಟನ್ನಿನಲ್ಲಿ ಉಬ್ಬಸದ ಮರಣಗಳ ವಿಚಾರಣೆಯು ಪ್ರಕಟವಾದಾಗ ಇದೇ ಸಂಗತಿಯು ಮತ್ತೊಂದು ಮುಖದಿಂದ ಕಂಡಿತು: ಲೆಕ್ಕವು ದೊರೆತ 165 ಮೃತರಲ್ಲಿ 65 ಜನರು ಕೊನೆಯ ಒಂದು ವರ್ಷದಲ್ಲಿ ಹನ್ನೆರಡಕ್ಕಿಂತಲೂ ಹೆಚ್ಚು ಉಪಶಮನದ ಇನ್‌ಹೇಲರುಗಳನ್ನು ಬರೆಸಿಕೊಂಡಿದ್ದರು. ತಿಂಗಳಿಗೊಂದಕ್ಕಿಂತ ಹೆಚ್ಚು ಡಬ್ಬಿಯು ಮುಗಿಯುವುದು ರೋಗವು ಹಿಡಿತವನ್ನು ಮೀರಿದುದಕ್ಕೆ ಗುರುತು. ಅದನ್ನು ಗುರುತಿಸಿ ತಡೆಯುವವರು ಇರಲಿಲ್ಲ.

ಕೊನೆಗೆ ಸಂಶೋಧಕರು ಮನುಷ್ಯಸ್ವಭಾವದೊಡನೆ ಹೋರಾಡುವುದಕ್ಕೆ ಬದಲಾಗಿ ಅದರೊಡನೆ ಸಂಧಿ ಮಾಡಿಕೊಳ್ಳುವ ಉಪಾಯವನ್ನು ಹುಡುಕಿದರು. ಸಂಕಟವಾದಾಗ ಮಾತ್ರ ಮದ್ದನ್ನು ನೆನೆಯುವುದು ಜನರ ವಾಡಿಕೆಯಷ್ಟೆ. ಆದುದರಿಂದ ಶ್ವಾಸನಾಳವನ್ನು ಹಿಗ್ಗಿಸುವ ಫಾರ್ಮೊಟೆರಾಲನ್ನೂ ಉರಿಯೂತವನ್ನು ಆರಿಸುವ ಬುಡೆಸೊನೈಡ್ ಎಂಬ ಸ್ಟಿರಾಯ್ಡನ್ನೂ ಒಂದೇ ಇನ್‌ಹೇಲರಿನಲ್ಲಿ ಕೂಡಿಸಿದರು. ಉಪಶಮನಕ್ಕಾಗಿ ಸೇದಿದಾಗಲೆಲ್ಲ ಯಾಪ್ಯದ ಮದ್ದೂ ತಾನಾಗಿಯೇ ಒಳಸೇರುವುದು. ಸೌಮ್ಯವಾದ ಉಬ್ಬಸವುಳ್ಳವರಲ್ಲಿ ನಡೆದ ಪರೀಕ್ಷೆಗಳು 2018ರಲ್ಲಿಯೂ 2019ರಲ್ಲಿಯೂ ಪ್ರಕಟವಾದುವು. ಬರಿಯ ಉಪಶಮನದ ಮದ್ದನ್ನು ಸೇದಿದವರಿಗಿಂತ ಕೂಡುಮದ್ದನ್ನು ಸೇದಿದವರಲ್ಲಿ ತೀವ್ರ ಆಘಾತಗಳು ಅರ್ಧಕ್ಕಿಂತಲೂ ಕಡಮೆಯಾದುವು. 2019ರ ಪರೀಕ್ಷೆಯ ಮುಖ್ಯಸ್ಥನಾದ ರಿಚರ್ಡ್ ಬೀಸ್ಲಿಯು ಮೂವತ್ತು ವರ್ಷಗಳ ಹಿಂದೆ ವೆಲಿಂಗ್ಟನ್ನಿನಲ್ಲಿ ಸತ್ತವರ ದಾಖಲೆಗಳನ್ನು ಹೋಲಿಸಿದವರಲ್ಲೊಬ್ಬನು. ಅದೇ ವರ್ಷ ಗೀನಾ ಎಂಬ ಅಂತರರಾಷ್ಟ್ರೀಯ ವೈದ್ಯಮಂಡಲಿಯು, ಪ್ರಾಯದವರಿಗೂ ಹರೆಯದವರಿಗೂ ಬರಿಯ ಉಪಶಮನದ ಮದ್ದೊಂದನ್ನೇ ಕೊಡುವುದನ್ನು ಇನ್ನು ಮೇಲೆ ಸಮ್ಮತಿಸಲಾಗದೆಂದು ತಿಳಿಸಿತು. ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದ ಪದ್ಧತಿಯು ಹೀಗೆ ತಿದ್ದಲ್ಪಟ್ಟಿತು.

ಈ ಚರಿತ್ರೆಯು ದೂರದೇಶಗಳದೆಂದು ಕನ್ನಡ ನಾಡಿನ ಮನೆಗಳು ಉದಾಸೀನವಾಗಿರುವಂತಿಲ್ಲ. ಬೆಂಗಳೂರಿನ ಒಂದು ಮಕ್ಕಳ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸವಿದ್ದವರು 1979ರಲ್ಲಿ ನೂರಕ್ಕೆ 9ರಷ್ಟಿದ್ದು, 1999ರ ಹೊತ್ತಿಗೆ ನೂರಕ್ಕೆ 29.5ರಷ್ಟಾಗಿದ್ದರೆಂದು ಅಲ್ಲಿಯ ವೈದ್ಯರು ಲೆಕ್ಕವಿಟ್ಟಿದ್ದಾರೆ. ಅದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳದಲ್ಲವಾದರೂ, ಏರಿಕೆಯು ಕಣ್ಣಿಗೆ ಬೀಳುವಂತಹದು. ಇನ್‌ಹೇಲರನ್ನು ಒಮ್ಮೆ ಹಿಡಿದರೆ ಬಿಡಲಾಗದ ಚಟವಾಗುವುದೆಂಬ ಭಯವೂ, ಹೆಣ್ಣುಮಕ್ಕಳು ಅದನ್ನು ಬಳಸುವುದನ್ನು ಕಂಡರೆ ಸಂಬಂಧವು ಕೂಡಿಬರಲಾರದೆಂಬ ಸಂಕೋಚವೂ ಅನೇಕ ಮನೆಗಳಲ್ಲಿ ಉಂಟು. ಇದರಿಂದ ಆಗುವುದೇನೆಂದರೆ, ದಿನವೂ ಸೇದಬೇಕಾದ ಮದ್ದನ್ನು ನಾಲ್ಕು ದಿನ ಸುಖವಾಗಿದ್ದೊಡನೆ ನಿಲ್ಲಿಸುವರು. ಸಂಕಟಕ್ಕೆಂದು ಇಟ್ಟ ಮದ್ದನ್ನು ಮಾತ್ರ ಮೇಲಿಂದ ಮೇಲೆ ಸೇದುವರು. ಲಂಡನ್ನಿನಲ್ಲಿಯೂ ವೆಲಿಂಗ್ಟನ್ನಿನಲ್ಲಿಯೂ ಪ್ರಾಣಗಳನ್ನು ಬಲಿಗೊಂಡ ಭ್ರಾಂತಿಯು ಇದೇ.

ಸೇದುವ ಸ್ಟಿರಾಯ್ಡು ಚಟವನ್ನು ಹಿಡಿಸುವ ವಸ್ತುವಲ್ಲ. ಅದನ್ನು ನಿಲ್ಲಿಸಿದಾಗ ಉಬ್ಬಸವು ಮರಳಿದರೆ, ಮರಳಿದುದು ರೋಗವೇ ಹೊರತು ಮದ್ದಿನ ಮೇಲಣ ಆಸೆಯಲ್ಲ. ಯಾಪ್ಯವೆಂಬ ಮಾತನ್ನು ಬಳಸಿದ ಪ್ರಾಚೀನ ವೈದ್ಯರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ದಿನದಿನವೂ ಕೊಟ್ಟು ರೋಗವನ್ನು ಅಡಗಿಸುವ ಸುಲಭವಾದ ಮದ್ದು ಅವರ ಬಳಿಯಲ್ಲಿರಲಿಲ್ಲ. ಆ ಮದ್ದು ಈಗ ಪೇಟೆಯ ಔಷಧದಂಗಡಿಯಲ್ಲಿ ದೊರೆಯುತ್ತದೆ. ಅದನ್ನು ಸಿದ್ಧಪಡಿಸಿದ ಜಾಣ್ಮೆಯು ಎಷ್ಟು ದೊಡ್ಡದೋ, ಸತ್ತ ಮಕ್ಕಳ ಲೆಕ್ಕವನ್ನು ಕೈಬಿಡದೆ, ಸುಖವನ್ನು ಕೊಡುವ ಮದ್ದನ್ನೇ ಸಂದೇಹಿಸಿ ನೋಡಿದವರ ಧೈರ್ಯವೂ ಅಷ್ಟೇ ದೊಡ್ಡದು. ಆ ಶ್ರಮವು ಸಾರ್ಥಕವಾಗುವುದು ಮನೆಯವರ ಕೈಯಲ್ಲಿದೆ: ಉಸಿರು ಸರಾಗವಾಗಿರುವ ದಿನದಲ್ಲಿಯೂ ವೈದ್ಯನು ಹೇಳಿದ ಮದ್ದನ್ನು ಮರೆಯದೆ ಕೊಡುವುದು, ಉಪಶಮನದ ಡಬ್ಬಿಯು ಬೇಗಬೇಗನೆ ಬರಿದಾಗತೊಡಗಿದರೆ ಇನ್ನೊಂದನ್ನು ಕೊಳ್ಳುವ ಮೊದಲು ವೈದ್ಯನ ಬಾಗಿಲಿಗೆ ಹೋಗುವುದು.